ಮೊದಲ ಹೊಸ ಕಪ್ಪೆಗೆ ಜೋಡಿ ಎಲ್ಲಿಂದ ಬಂತು?

ಪ್ರಶ್ನೆ: ಒಂದು ಪ್ರಭೇದದಿಂದ ಇನ್ನೊಂದು ಹುಟ್ಟುತ್ತದೆ ಎನ್ನುತ್ತೀರಿ. ನಮ್ಮ ಕಡೆಯ ಹಳ್ಳವೊಂದರಲ್ಲಿ ಹೊಸ ಪ್ರಭೇದದ ಕಪ್ಪೆ ಮೊದಲು ಒಂದೇ ಹುಟ್ಟಿದರೆ ಅದಕ್ಕೆ ಜೋಡಿ ಎಲ್ಲಿ ಸಿಗಬೇಕು?
– ಓದುಗರು, ತೀರ್ಥಹಳ್ಳಿ

ಉತ್ತರ: ಸಾಮಾನ್ಯವಾಗಿ ಹಾಗೆ ಒಂಟಿಯಾಗಿ ಹೊಸ ಪ್ರಭೇದ ಹುಟ್ಟುವುದಿಲ್ಲ. ಆ ಹಳ್ಳದ ಕಪ್ಪೆಗಳೆಲ್ಲ ಒಟ್ಟಾಗಿ, ನಿಧಾನಕ್ಕೆ ಬದಲಾಗುತ್ತವೆ.

ಒಂದು ಕಪ್ಪೆಯ ಒಂದು ವಂಶವಾಹಿಯಲ್ಲಿ ಸಣ್ಣ ವ್ಯತ್ಯಾಸ ಬಂತೆನ್ನಿ. ಅದು ಮಾಮೂಲಿ ಕಪ್ಪೆಯೊಂದಿಗೇ ಕೂಡುತ್ತದೆ. ಮರಿಗಳಲ್ಲಿ ಸುಮಾರು ಅರ್ಧಕ್ಕೆ ಆ ವ್ಯತ್ಯಾಸ ದಾಟುತ್ತದೆ. ನೀರು ಬೆರೆಸಿದ ಹಾಲಿನಂತೆ ಅದು ತೆಳುವಾಗುತ್ತ ಹೋಗದೇ ಎಂಬ ಸಂದೇಹ ಡಾರ್ವಿನ್ನರ ಕಾಲದಲ್ಲೇ ಎದ್ದಿತ್ತು. ಉತ್ತರವಿದ್ದದ್ದು ಮೆಂಡೆಲ್ 1866ರಲ್ಲಿ ಪ್ರಕಟಿಸಿದ ಬಟಾಣಿ ಪ್ರಯೋಗದಲ್ಲಿ: ವಂಶವಾಹಿ ಕಾಳಿನಂತೆ ಇಡಿಯಾಗಿ ದಾಟುತ್ತದೆ, ಕರಗುವುದಿಲ್ಲ. ಸಾವಿರದಲ್ಲೊಂದು ಇರುವ ಗುಣಕ್ಕೆ ಪ್ರತಿ ತಲೆಮಾರಿನಲ್ಲೂ ಶೇ. 1ರಷ್ಟು ಮೇಲುಗೈ ಸಿಕ್ಕರೆ, ಸರಳ ಲೆಕ್ಕದಲ್ಲಿ 700 ತಲೆಮಾರಿಗೆ ಅದು ಅರ್ಧ ಸಂತತಿಯಲ್ಲಿರುತ್ತದೆ.

ಇಷ್ಟರಿಂದ ಪ್ರಭೇದ ಬದಲಾದೀತು, ಎರಡಾಗದು. ಎರಡಾಗಲು ಸಾಮಾನ್ಯವಾಗಿ ನಡುವೆ ತಡೆ ಬೇಕು. ಆಚೆಯವು ಆಗಾಗ ಬಂದು ಕೂಡುತ್ತಿದ್ದರೆ ವ್ಯತ್ಯಾಸ ಅಳಿಸಿಹೋಗುತ್ತದೆ. ಬಾಬಾಬುಡನ್‌ಗಿರಿಯ ಶೋಲಾ ಕಾಡಿನ ಶೋಲಾಕಿಳಿ ಹಕ್ಕಿಯನ್ನೇ ನೋಡಿ. ಅದರ ಹೊಟ್ಟೆಯ ಇಕ್ಕೆಲ ಕೆಂಗಂದು. ಘಟ್ಟದ ಸಾಲನ್ನು ತುಂಡರಿಸುವ ಪಾಲಕ್ಕಾಡು ಕಣಿವೆಯ ದಕ್ಷಿಣದಲ್ಲಿರುವ ಅದರ ದಾಯಾದಿಗೆ ಆ ಬಣ್ಣವಿಲ್ಲ, ಹೊಟ್ಟೆ ಬಿಳಿ. ತಂಪು ಬೆಟ್ಟ ಬಿಟ್ಟಿಳಿಯದ ಹಕ್ಕಿಗೆ ಆ ತಗ್ಗು ಕಡಲಿದ್ದಂತೆ. ಇಂದು ಅವೆರಡು ಪ್ರಭೇದಗಳು.

ದೂರವಾದವು ಮತ್ತೆ ಎದುರಾದರೆ? ಕಪ್ಪೆಗಳಲ್ಲಿ ಮೊದಲ ತಡೆ ಬಹುಮಟ್ಟಿಗೆ ಕೂಗು: ಗಂಡಿನ ಕೂಗು ಬೇರೆಯಾದರೆ ಹೆಣ್ಣು ಹತ್ತಿರ ಬಾರದು. ಮೊಟ್ಟೆಯಿಡುವ ರೀತಿಯೂ ಬೇರೆಯಾಗುತ್ತದೆ. ಉತ್ತರ ಕನ್ನಡದ ಕತ್ತಲೆಕಾನಿನಿಂದ 2014ರಲ್ಲಿ ವರದಿಯಾದ ಕುಂಬಾರ ಕಪ್ಪೆಯ ಗಂಡು ಮೊಟ್ಟೆಗೆ ಕೆಸರು ಮೆತ್ತುತ್ತದೆ. ಜೋಗದ ಇರುಳುಗಪ್ಪೆ ಮೆತ್ತುವುದಿಲ್ಲ. ಕೂಡಿದರೂ ಸಂತಾನ ಬಂಜೆಯಾಗಬಹುದು. ಕುದುರೆಗೆ 64, ಕತ್ತೆಗೆ 62 ವರ್ಣತಂತು (ಕ್ರೋಮೋಸೋಮ್), ಅವೆರಡರ ಮರಿ ಹೇಸರಗತ್ತೆಗೆ 63. ಆ ವರ್ಣತಂತುಗಳು ಸರಿಯಾಗಿ ಜೋಡಿಯಾಗದ ಕಾರಣ ವೀರ್ಯಾಣು, ಅಂಡಾಣುಗಳ ತಯಾರಿ ಹಳಿ ತಪ್ಪುತ್ತದೆ.

ಪ್ರಶ್ನೆ: ಹಾಗಾದರೆ ಗಿಡ್ಡ ಅಡಿಕೆಯೂ ಹೊಸ ಪ್ರಭೇದವೇ?
– ಓದುಗರು, ಸಾಗರ

ಉತ್ತರ: ಅಲ್ಲ, ಅದು ತಳಿ; ಎತ್ತರದ ಅಡಿಕೆಯೊಂದಿಗೆ ಸಲೀಸಾಗಿ ಕೂಡುತ್ತದೆ. ಹಿರೇಹಳ್ಳಿ ಗಿಡ್ಡವನ್ನು ಎತ್ತರದ ಸುಮಂಗಳ ತಳಿಯೊಂದಿಗೆ ಅಡ್ಡಹಾಯಿಸಿ ಸಂಕರ ತಳಿಯನ್ನೇ ಮಾಡಿದ್ದಾರೆ. ತೋಟದಲ್ಲಿ ಎತ್ತರದ ಮರಗಳ ಪಕ್ಕ ಗಿಡ್ಡ ಬೆಳೆಸಿ ಅದರ ಗೋಟು (ಬಲಿತ ಅಡಿಕೆ) ಬಿತ್ತಿದರೆ ಸಸಿಗಳಲ್ಲಿ ಕೆಲವು ಎತ್ತರಕ್ಕೆ ಹೋಗುವುದು ಇದೇ ಕಾರಣಕ್ಕೆ: ಪರಾಗ ಪಕ್ಕದ ಮರದ್ದು. ಗಿಡ್ಡವೇ ಬೇಕಿದ್ದರೆ ಹೊಂಬಾಳೆ ಬಿರಿಯುವಾಗ ಗಂಡು ಹೂ ತೆಗೆದು, ಚೀಲ ಕಟ್ಟಿ, ಗಿಡ್ಡ ಮರದ್ದೇ ಪರಾಗ ಹಾಕಬೇಕು.