ಪಾಸ್‌ಬುಕ್ ತೆಗೆದು ನೋಡಿ, ಆಮೇಲೆ ಬೈಯೋಣ

ಈ ಸಲ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಬ್ಯಾಂಕ್ ಚಾರ್ಜಿನದ್ದೇ. ಬೈಗುಳಗಳನ್ನು ತೆಗೆದು ಪ್ರಶ್ನೆಗಳನ್ನಷ್ಟೇ ಇಟ್ಟುಕೊಂಡಿದ್ದೇನೆ.

ಪ್ರಶ್ನೆ: ಮಗ ಬೆಂಗಳೂರಿನಲ್ಲಿದ್ದಾಗ ಕಂಪನಿಯವರೇ ಒಂದು ಖಾಸಗಿ ಬ್ಯಾಂಕಿನಲ್ಲಿ ಸ್ಯಾಲರಿ ಅಕೌಂಟ್ ಮಾಡಿಸಿದ್ದರು. ಕೆಲಸ ಬಿಟ್ಟು ಊರಿಗೆ ಬಂದ. ಮೊನ್ನೆ ಅವನ ಸ್ನೇಹಿತ ಅದೇ ಖಾತೆಗೆ 5,000 ರೂಪಾಯಿ ಹಾಕಿದರೆ, ಸಂಜೆಯೊಳಗೆ 2,360 ರೂಪಾಯಿ ಮಾಯ! ಮಿನಿಮಮ್ ಬ್ಯಾಲೆನ್ಸ್ ಇಲ್ಲ ಅಂತ ತಿಂಗಳಿಗೆ 590ರ ಹಾಗೆ ನಾಲ್ಕು ತಿಂಗಳ ದಂಡವಂತೆ. ಇದು ಹಗಲು ದರೋಡೆ ಅಲ್ವಾ ಸರ್?
– ಒಬ್ಬ ತಂದೆ, ಹಾಸನ

ಉತ್ತರ: ತಪ್ಪು ಎರಡೂ ಕಡೆ ಇದೆ. ಮೊದಲು ನಿಮ್ಮ ಮಗನದ್ದು ಹೇಳಿಬಿಡುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಸ್ಯಾಲರಿ ಅಕೌಂಟಿಗೆ ಮಿನಿಮಮ್ ಬ್ಯಾಲೆನ್ಸ್ ಬೇಡ ಅನ್ನುವುದು ಸಂಬಳ ಬೀಳುವವರೆಗೆ ಮಾತ್ರ. ಕೆಲವು ತಿಂಗಳು ಸಂಬಳ ಬರದಿದ್ದರೆ ಬ್ಯಾಂಕು ಅದನ್ನು ಮಾಮೂಲಿ ಉಳಿತಾಯ ಖಾತೆ ಮಾಡಿಬಿಡುತ್ತದೆ, ಷರತ್ತೂ ಬದಲಾಗುತ್ತದೆ. ಕೆಲಸ ಬಿಟ್ಟ ದಿನ ಪಿಎಫ್ ಬಗ್ಗೆ ಹತ್ತು ಸಲ ವಿಚಾರಿಸುವ ಹುಡುಗರು ಖಾತೆ ಮುಚ್ಚುವ ಫಾರಂ ಮಾತ್ರ ತುಂಬುವುದಿಲ್ಲ. ಆಫೀಸಿನ ಸಿಮ್ ವಾಪಸ್ ಕೊಟ್ಟು ಬ್ಯಾಂಕಿನಲ್ಲಿ ನಂಬರ್ ಬದಲಿಸದೆ ಬಂದಿದ್ದರಂತೂ ಎಚ್ಚರಿಕೆಯ ಮೆಸೇಜು ಯಾರದೋ ಫೋನಿಗೆ ಹೋಗಿರುತ್ತದೆ.

ಇನ್ನು ಬ್ಯಾಂಕಿನ ಪಾಲು. 2015ರ ಏಪ್ರಿಲ್‌ನಿಂದ ರಿಸರ್ವ್ ಬ್ಯಾಂಕಿನ ನಿಯಮ ಒಂದಿದೆ. ಬ್ಯಾಲೆನ್ಸ್ ಕಡಿಮೆಯಾದರೆ ಮೊದಲು ಮೆಸೇಜು, ಇಮೇಲ್ ಅಥವಾ ಪತ್ರದಲ್ಲಿ ತಿಳಿಸಬೇಕು, ಸರಿಪಡಿಸಿಕೊಳ್ಳಲು ಕನಿಷ್ಠ ಒಂದು ತಿಂಗಳು ಕೊಡಬೇಕು, ಆಮೇಲೆಯೇ ದಂಡ. ಅದೂ ಎಷ್ಟು ಕಡಿಮೆ ಬಿದ್ದಿದೆಯೋ ಅದಕ್ಕೆ ತಕ್ಕಂತೆ, ಎಲ್ಲರಿಗೂ ಒಂದೇ ಮೊತ್ತ ಅಂತಲ್ಲ. ಬರೀ ಈ ದಂಡದಿಂದಲೇ ಖಾತೆ ಸೊನ್ನೆಗಿಂತ ಕೆಳಗೆ ಹೋಗುವಂತಿಲ್ಲ. ಹಾಗಾಗಿ ಮೂರೇ ಮೂರು ಪ್ರಶ್ನೆ ಬರೆದು ಬ್ರಾಂಚಿಗೆ ಕೊಡಿ: ಯಾವ ತಾರೀಕು ತಿಳಿಸಿದಿರಿ, ಆಗ ಖಾತೆಯಲ್ಲಿ ಎಷ್ಟಿತ್ತು, ದಂಡದ ಲೆಕ್ಕ ಹೇಗೆ? ಖಾತೆ ಖಾಲಿ ಇದ್ದ ತಿಂಗಳ ದಂಡವನ್ನು ಬರೆದಿಟ್ಟುಕೊಂಡು ದುಡ್ಡು ಬಿದ್ದ ಕೂಡಲೇ ಕಿತ್ತುಕೊಂಡಿದ್ದರೆ ಅದನ್ನೇ ಗಟ್ಟಿಯಾಗಿ ಹಿಡಿಯಿರಿ. ಬಾಯಿಮಾತಿನಲ್ಲಿ ಹೇಳಿ ಬರಬೇಡಿ. ಸ್ವೀಕೃತಿಯ ಸೀಲು ಹಾಕಿಸಿಕೊಳ್ಳಿ, 30 ದಿನದಲ್ಲಿ ಉತ್ತರ ಬರದಿದ್ದರೆ ಅಥವಾ ಬಂದ ಉತ್ತರ ಸರಿಯಿಲ್ಲದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ, ಅಂದರೆ ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ಅಧಿಕಾರಿಗೆ, ದೂರು ಕೊಡಬಹುದು. ಖರ್ಚಿಲ್ಲ. ಮಾಹಿತಿಗೆ 14448ಕ್ಕೆ ಫೋನ್ ಮಾಡಿ.

ಒಂದು ಲೆಕ್ಕ ಬಹಳ ಜನಕ್ಕೆ ಗೊತ್ತಿಲ್ಲ. ಸಾಮಾನ್ಯವಾಗಿ ಬ್ಯಾಂಕು ನೋಡುವುದು ತಿಂಗಳ ಸರಾಸರಿ. ದಿನದ ಕೊನೆಗೆ ಖಾತೆಯಲ್ಲಿದ್ದ ಹಣವನ್ನೆಲ್ಲ ಕೂಡಿ, ತಿಂಗಳ ದಿನಗಳಿಂದ ಭಾಗಿಸುತ್ತಾರೆ. 10,000 ಬೇಕು ಅಂದರೆ 30 ದಿನದ ಮೊತ್ತ 3 ಲಕ್ಷ ಆದರೆ ಸಾಕು. ಮೂರು ದಿನ 1 ಲಕ್ಷ ಇಟ್ಟು ಉಳಿದ ದಿನ ಖಾಲಿ ಬಿಟ್ಟರೂ ಲೆಕ್ಕ ಸರಿಹೋಗುತ್ತದೆ. ಅಡಿಕೆ ಮಾರಿದ ದುಡ್ಡು ಬಂದ ತಿಂಗಳು ದಂಡ ಬೀಳದೆ ಮುಂದಿನ ತಿಂಗಳು ಬೀಳುವುದು ಇದಕ್ಕೇ.

ಬ್ಯಾಂಕನ್ನು ಬೈಯಲು ಕಾರಣ ಇಲ್ಲ ಅಂತಲ್ಲ. ಈ ಒಂದು ದಂಡದಿಂದಲೇ ಸರ್ಕಾರಿ ಬ್ಯಾಂಕುಗಳು ಐದು ವರ್ಷದಲ್ಲಿ ಸುಮಾರು 8,500 ಕೋಟಿ ರೂಪಾಯಿ ಸಂಗ್ರಹಿಸಿವೆ ಅಂತ 2024ರಲ್ಲಿ ಸರ್ಕಾರವೇ ಸಂಸತ್ತಿಗೆ ಹೇಳಿತ್ತು. ಕಟ್ಟಿದವರು ಯಾರು? ಲಕ್ಷಗಟ್ಟಲೆ ಇಟ್ಟವರಂತೂ ಅಲ್ಲ.

ಪ್ರಶ್ನೆ: ಎಟಿಎಂನಲ್ಲಿ ಐದು ಸಲ ಫ್ರೀ ಅಂತಾರೆ. ನಾಲ್ಕನೇ ಸಲಕ್ಕೇ 27 ರೂಪಾಯಿ ಹೋಯಿತು, ಯಾಕೆ?
– ಗೃಹಿಣಿ, ಬೆಂಗಳೂರು

ಉತ್ತರ: ನಿಮ್ಮದೇ ಬ್ಯಾಂಕಿನ ಎಟಿಎಂ ಆದರೆ ತಿಂಗಳಿಗೆ ಐದು. ಬೇರೆ ಬ್ಯಾಂಕಿನದಾದರೆ ಬೆಂಗಳೂರಿನಂಥ ಮಹಾನಗರದಲ್ಲಿ ಮೂರೇ, ತುಮಕೂರಿಗೆ ಹೋದರೆ ಐದು. ನಿಮ್ಮ ಬ್ರಾಂಚ್ ಎಲ್ಲಿದೆ ಅನ್ನುವುದಲ್ಲ, ಯಂತ್ರ ಎಲ್ಲಿದೆ ಅನ್ನುವುದು ಮುಖ್ಯ. ಅದು ಮೀರಿದರೆ 2025ರ ಮೇ ತಿಂಗಳಿಂದ ಒಂದು ಸಲಕ್ಕೆ 23 ರೂಪಾಯಿವರೆಗೆ, ಮೇಲೆ ಜಿಎಸ್‌ಟಿ. ಬೇರೆ ಬ್ಯಾಂಕಿನ ಎಟಿಎಂನಲ್ಲಿ ಸುಮ್ನೆ ಬ್ಯಾಲೆನ್ಸ್ ನೋಡಿದರೂ ಅದು ಒಂದು ಸಲ ಅಂತ ಲೆಕ್ಕ. ತರಕಾರಿಗೆ ಬೇಕು ಅಂತ 500 ತೆಗೆದು 27 ಕೊಟ್ಟರೆ ನೂರಕ್ಕೆ ಐದು ರೂಪಾಯಿಗೂ ಜಾಸ್ತಿ ಆಯಿತು. ಒಂದೇ ಸಲ ತೆಗೆದು ಮನೆಯಲ್ಲಿ ಇಟ್ಟುಕೊಳ್ಳಿ. ಯಂತ್ರ ಕೆಟ್ಟು ದುಡ್ಡು ಬರದಿದ್ದರೆ ಅದನ್ನು ಲೆಕ್ಕಕ್ಕೆ ಹಿಡಿಯುವಂತಿಲ್ಲ.

ಪ್ರಶ್ನೆ: ಬೈಕ್ ಸಾಲದ ಕಂತು ಪ್ರತಿ ತಿಂಗಳು 2ನೇ ತಾರೀಕು. ಸಂಬಳ ಕೆಲವೊಮ್ಮೆ 5ಕ್ಕೆ ಬರುತ್ತದೆ. ಬೌನ್ಸ್ ಆಯಿತು ಅಂತ ಬ್ಯಾಂಕೂ ಹಾಕಿದೆ, ಫೈನಾನ್ಸಿನವರೂ ಹಾಕಿದ್ದಾರೆ. ಇಬ್ಬರ ಮೇಲೂ ದೂರು ಕೊಡಬಹುದಾ?
– ಯುವಕ, ಹುಬ್ಬಳ್ಳಿ

ಉತ್ತರ: ಕೊಡಬಹುದು, ಗೆಲ್ಲುವುದಿಲ್ಲ. ಬ್ಯಾಂಕು ಕೇಳುವುದು ಕಂತು ವಾಪಸ್ ಹೋಗಿದ್ದಕ್ಕೆ, ಫೈನಾನ್ಸ್ ಕೇಳುವುದು ಕಂತು ಬರದಿದ್ದಕ್ಕೆ. ಎರಡಕ್ಕೂ ನೀವೇ ಸಹಿ ಹಾಕಿದ್ದೀರಿ ತಮ್ಮಾ. ಸಾಲ ಕೊಡುವ ದಿನ ಶೋರೂಮಿನಲ್ಲಿ ಹುಡುಗ ಬೆರಳು ಇಟ್ಟ ಕಡೆಯೆಲ್ಲ ಸಹಿ ಹಾಕುತ್ತಾ ಹೋಗುತ್ತೇವಲ್ಲ, ಆ ಹಾಳೆಗಳಲ್ಲೇ ಎಲ್ಲ ಇರುತ್ತದೆ. ದೂರು ಬರೆಯುವ ಬದಲು ಕಂತಿನ ತಾರೀಕನ್ನು 7ಕ್ಕೋ 10ಕ್ಕೋ ಹಾಕಿಕೊಡಿ ಅಂತ ಅರ್ಜಿ ಕೊಡಿ. ಒಪ್ಪದಿದ್ದರೆ ಹೇಗಾದರೂ ಮಾಡಿ ಒಂದು ಕಂತಿನಷ್ಟು ದುಡ್ಡನ್ನು ಖಾತೆಯಲ್ಲಿ ಮುಟ್ಟದೆ ಬಿಡಿ. ಸಿಬಿಲ್ ಸ್ಕೋರಿಗೆ (ಸಾಲ ಹೇಗೆ ಕಟ್ಟುತ್ತೀರಿ ಅಂತ ನೋಡಿ ಕೊಡುವ ಅಂಕ) ಆಗುವ ಪೆಟ್ಟು ಈ ಚಾರ್ಜಿಗಿಂತ ದೊಡ್ಡದು. ಒಂದು ಮಾತ್ರ ನೋಡಿಕೊಳ್ಳಿ: 2024ರ ಏಪ್ರಿಲ್‌ನಿಂದ ಬಂದ ನಿಯಮದ ಪ್ರಕಾರ ದಂಡವನ್ನು ಅಸಲಿಗೆ ಸೇರಿಸಿ ಅದರ ಮೇಲೂ ಬಡ್ಡಿ ಹಾಕುವಂತಿಲ್ಲ. ಹಾಕಿದ್ದರೆ ಆಗ ದೂರು ಬರೆಯಿರಿ, ಗೆಲ್ಲುತ್ತೀರಿ.

ಪ್ರಶ್ನೆ: ಮಿನಿಮಮ್ ಬ್ಯಾಲೆನ್ಸ್ ತಂಟೆಯೇ ಬೇಡ. ಎಲ್ಲಿ ಖಾತೆ ತೆರೆಯಲಿ?
– ನಿವೃತ್ತ ಶಿಕ್ಷಕಿ, ಶಿರಸಿ

ಉತ್ತರ: ಎಸ್‌ಬಿಐ 2020ರಲ್ಲೇ ಈ ದಂಡ ಕೈಬಿಟ್ಟಿದೆ ಮೇಡಂ, ಕೆನರಾ ಬ್ಯಾಂಕ್ 2025ರ ಜೂನ್‌ನಿಂದ. ಯಾವ ಬ್ಯಾಂಕೇ ಆದರೂ ಬೇಸಿಕ್ ಉಳಿತಾಯ ಖಾತೆ ಅಂತ ಕೇಳಿದರೆ ಕೊಡಬೇಕು, ಅದಕ್ಕೆ ಮಿನಿಮಮ್ ಬ್ಯಾಲೆನ್ಸ್ ಇಲ್ಲ. ಕೌಂಟರಿನಲ್ಲಿ ತಾವಾಗಿ ಹೇಳುವುದು ಕಡಿಮೆ, ಹೆಸರು ಹಿಡಿದು ಕೇಳಿ. ಅದೇ ಬ್ಯಾಂಕಿನಲ್ಲಿ ನಿಮ್ಮ ಇನ್ನೊಂದು ಉಳಿತಾಯ ಖಾತೆ ಇದ್ದರೆ ಮಾತ್ರ 30 ದಿನದೊಳಗೆ ಅದನ್ನು ಮುಚ್ಚಬೇಕಾಗುತ್ತದೆ.