ಅಜ್ಜಿಗೆ ಇಸವಿ ಗೊತ್ತಿರಲಿಲ್ಲ, ಮುಳುಗಡೆ ಗೊತ್ತಿತ್ತು

ನಿಮ್ಮ ಅಜ್ಜ ಸಾಮಾನ್ಯ ರೈತರು, ಒಂದು ತಾರೀಕೂ ಸಿಗುತ್ತಿಲ್ಲ, ಅವರ ಬದುಕನ್ನು ಆ ಕಾಲದ ಚರಿತ್ರೆಯ ಜೊತೆ ಬರೆಯುವುದು ಹೇಗೆ ಅಂತ ಕೇಳಿದ್ದೀರಿ. ಸಾಗರ ತಾಲೂಕಿನ ನನ್ನ ಅಜ್ಜಿಯ ಬಗ್ಗೆ ನಾನು ಇದೇ ಕೆಲಸ ಮಾಡಿದ್ದೇನೆ.

ಇಸವಿ ಕೇಳಬೇಡಿ. "ಆಗ ಏನು ನಡೀತಿತ್ತು?" ಅಂತ ಕೇಳಿ. ಅಜ್ಜಿ ಹೇಳಿದಳು: "ಕಾಗೋಡು ಗಲಾಟೆ ಆದಾಗ ನಾನಿನ್ನೂ ಲಂಗ ಉಡ್ತಿದ್ದೆ. ಆಣೆ ಹೋಗಿ ನಯಾಪೈಸೆ ಬಂದ ಬೇಸಿಗೆಯಲ್ಲಿ ಮದುವೆ." ಕಾಗೋಡು ಸತ್ಯಾಗ್ರಹ, ಅಂದರೆ ಸಾಗರ ತಾಲೂಕಿನ ಕಾಗೋಡಿನಲ್ಲಿ ಗೇಣಿದಾರರು ಒಡೆಯರ ವಿರುದ್ಧ ನಡೆಸಿದ ಹೋರಾಟ, 1951. ನಯಾಪೈಸೆ 1957ರ ಏಪ್ರಿಲ್. ಅಲ್ಲಿಗೆ ಹುಟ್ಟಿದ್ದು 1940ರ ಆಸುಪಾಸು. ಶಾಲೆ ದಾಖಲೆಯಲ್ಲಿ ಹುಟ್ಟಿದ ದಿನ ಜೂನ್ 1 ಅಂತಿದ್ದರೆ ಅದನ್ನು ಮಾತ್ರ ನಂಬಬೇಡಿ. ಎಷ್ಟೋ ಮಕ್ಕಳಿಗೆ ಮೇಷ್ಟ್ರು ಸುಮ್ನೆ ಅದನ್ನೇ ಬರೆದುಬಿಡುತ್ತಿದ್ದರು.

ಕಾಗೋಡು ಅಂದರೆ ನಮಗೆ ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಬಂದದ್ದು, ಅವರ ಬಂಧನ ನೆನಪಾಗುತ್ತದೆ. ಅಜ್ಜಿಗೆ ನೆನಪಿದ್ದದ್ದು ಕೊಳಗ. ಗೇಣಿ ಭತ್ತ ಅಳೆಯಲು ಒಡೆಯರ ಮನೆಯಲ್ಲಿ ಮಾಮೂಲಿಗಿಂತ ದೊಡ್ಡ ಕೊಳಗ ಇತ್ತಂತೆ. ಅಳೆದು ಬಂದ ದಿನ ಅವಳ ಅಪ್ಪ ಮಾತೇ ಆಡುತ್ತಿರಲಿಲ್ಲ. ಅದನ್ನೇ ಮೊದಲು ಬರೆಯಿರಿ ಅನ್ನುತ್ತೇನೆ ನಾನು. ಮನೆ ಅಂಗಳಕ್ಕೆ ಬಾರದ ಘಟನೆಗಳನ್ನು ತಂದು ತುಂಬಿದರೆ ಮನುಷ್ಯರೇ ಕಾಣೆಯಾಗುತ್ತಾರೆ, ಅಲ್ವಾ?

ಆಮೇಲೆ ಕಾಗದ ಹುಡುಕಿ. ಹಳೇ ಪಹಣಿ, ಮ್ಯುಟೇಶನ್ (ಜಮೀನು ಒಬ್ಬರಿಂದ ಇನ್ನೊಬ್ಬರ ಹೆಸರಿಗೆ ಬದಲಾದ ದಾಖಲೆ) ಸಿಗಬಹುದು. ನಿಮ್ಮ ಅಜ್ಜ ಗೇಣಿದಾರರಾಗಿದ್ದರೆ 1974ರ ಭೂಸುಧಾರಣೆ ಆದಮೇಲೆ ಫಾರಂ 7, ಅಂದರೆ ಉಳುವ ಜಮೀನು ತನ್ನ ಹೆಸರಿಗೆ ಆಗಲಿ ಅಂತ ಗೇಣಿದಾರ ಕೊಡುತ್ತಿದ್ದ ಅರ್ಜಿ, ಕೊಟ್ಟಿರಬಹುದು. ಭೂ ನ್ಯಾಯಮಂಡಳಿಯ ಆ ಕಡತವನ್ನು ತಾಲೂಕು ಕಚೇರಿಯಲ್ಲಿ ಕೇಳಿ ನೋಡಿ. ನಮ್ಮ ಮುತ್ತಜ್ಜನ ಅರ್ಜಿ ಸಿಕ್ಕಿತು, ಕೆಳಗೆ ಅವನ ಹೆಬ್ಬೆಟ್ಟು. ಅವನ ಫೋಟೊ ಒಂದೂ ಇಲ್ಲ. ಆ ಗುರುತಿನ ಮೇಲೆ ನನ್ನ ಬೆರಳಿಟ್ಟು ಎಷ್ಟೋ ಹೊತ್ತು ಕೂತಿದ್ದೆ.

ಅಜ್ಜಿಯ ಗಂಡನ ಮನೆ ಮಾತ್ರ ಶರಾವತಿ ನದಿಯ ಹಿನ್ನೀರಿನಲ್ಲಿ ಮುಳುಗಿ ಹೋಯಿತು. ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಅದಕ್ಕೆ ಮುಂಚೆಯೇ ಹೆಂಚು ಇಳಿಸಿ ಗಾಡಿಗೆ ಹೇರಿ ಹೊರಟರು. ಆಗ ದೊಡ್ಡಪ್ಪ ಕಂಕುಳಲ್ಲಿದ್ದ. ಅವಳ ಲೆಕ್ಕದಲ್ಲಿ ಕಾಲವೆಂದರೆ ಎರಡೇ, ಮುಳುಗಡೆಗೆ ಮುಂಚೆ, ಮುಳುಗಡೆ ಆದಮೇಲೆ.

ಒಂದು ಬೇಸಿಗೆ ನೀರು ತುಂಬಾ ಇಳಿದು, ಲಿಂಗನಮಕ್ಕಿ ಹಿನ್ನೀರಿನಲ್ಲಿ ಮುಳುಗಿದ್ದ 1948ರ ಹಳೇ ಮಡೆನೂರು ಅಣೆಕಟ್ಟು ಮೇಲೆದ್ದಿತ್ತು. ಅಜ್ಜಿಯನ್ನು ಕರೆದುಕೊಂಡು ಹೋದೆ. ಮನೆಯಲ್ಲಿ ಎಷ್ಟು ಕೇಳಿದರೂ "ನೆನಪಿಲ್ಲ ಮಗಾ" ಅನ್ನುತ್ತಿದ್ದವಳು ದಂಡೆಯಲ್ಲಿ ನಿಂತು ಬಾವಿ ಎಲ್ಲಿತ್ತು, ಕೊಟ್ಟಿಗೆ ಎಲ್ಲಿತ್ತು ಅಂತ ಕೈ ತೋರಿಸಿ ಹೇಳತೊಡಗಿದಳು. ನಿಮ್ಮ ಅಜ್ಜನ ವಾರಿಗೆಯವರು ಯಾರಾದರೂ ಇದ್ದರೆ ಅವರನ್ನು ಹಳೇ ಗದ್ದೆಯ ಹತ್ತಿರವೇ ಕರೆದುಕೊಂಡು ಹೋಗಿ ಕೇಳಿ. ಆದಷ್ಟು ಬೇಗ ಹೋಗಿ.