ಜರ್ಮನಿಯ ವಿಂಟರ್ ವೀಟ್ ದೇವನಹಳ್ಳಿಯಲ್ಲಿ ಬೆಳೆಯುತ್ತಾ?

ನೀವು ಕೇಳಿದ್ದು ಇಷ್ಟು: ಜರ್ಮನಿಯಲ್ಲಿರುವ ತಮ್ಮ ಅಲ್ಲಿನ ವಿಂಟರ್ ವೀಟ್ (ಚಳಿಗಾಲದ ಗೋಧಿ) ಬೀಜ ತರುತ್ತೇನೆ ಅಂತಿದ್ದಾನೆ, ಅಲ್ಲಿ ಇಳುವರಿ ನಮ್ಮದರ ಎರಡರಷ್ಟು, ದೇವನಹಳ್ಳಿ ಹತ್ತಿರದ ಎರಡು ಎಕರೆಗೆ ಬಿತ್ತಬಹುದಾ?

ಬೇಡ. ಹುಲ್ಲು ಬರುತ್ತದೆ, ತೆನೆ ಬರುವುದಿಲ್ಲ.

ಯಲಹಂಕದ ನಮ್ಮ ತಾರಸಿ ಮೇಲೆ ಮಾಡಿ ನೋಡಿಯೇ ಹೇಳುತ್ತಿದ್ದೇನೆ. ಗೆಳೆಯನೊಬ್ಬ ತಂದುಕೊಟ್ಟ ಒಂದು ಹಿಡಿ ಬೀಜವನ್ನು ನವೆಂಬರಿನಲ್ಲಿ ಕುಂಡಗಳಿಗೆ ಹಾಕಿದ್ದೆ. (ಪರ್ಮಿಟ್ಟು, ಸಸ್ಯ ಆರೋಗ್ಯದ ಸರ್ಟಿಫಿಕೇಟು ಇಲ್ಲದೆ ಹೊರದೇಶದ ಬೀಜ ತರುವಂತಿಲ್ಲ ಅಂತ ಆಮೇಲೆ ತಿಳಿಯಿತು. ನಿಮ್ಮ ತಮ್ಮನಿಗೂ ಹೇಳಿಬಿಡಿ.) ಮೊಳಕೆ ಚೆನ್ನಾಗಿಯೇ ಬಂತು. ಬುಡದಲ್ಲಿ ತೆಂಡೆ (ಮರಿ) ಒಡೆದು ಕುಂಡ ತುಂಬಿತು. ಪಕ್ಕದ ಕುಂಡದಲ್ಲಿ ನವಲಗುಂದ ಹತ್ತಿರದ ನಮ್ಮೂರಿಂದ ತಂದ ಡಿಡಬ್ಲ್ಯುಆರ್ 162 ಎಂಬ ನಮ್ಮ ಕಡೆಯ ಗೋಧಿ ತಳಿ ಇತ್ತು. ಅದು ಜನವರಿಯಲ್ಲಿ ತೆನೆ ಹಾಕಿತು, ಮಾರ್ಚಿನಲ್ಲಿ ಕೊಯ್ದೆ. ಜರ್ಮನಿಯದ್ದು ಗರಿಕೆ ಹಾಗೆ ಕೂತೇ ಇತ್ತು. ಅಮ್ಮ ಬಂದವರು ನೋಡಿ, "ಗಣಪ್ಪಗರ ಏರಸಾಕ ಬರ್ತೈತೇನೋ ಇದು?" ಅಂದರು.

ನಮ್ಮ ಗೋಧಿಯೂ ಚಳಿಗಾಲದ ಬೆಳೆಯೇ ಅಲ್ವಾ ಅನ್ನಿಸಬಹುದು. ಗೊಂದಲ ಹೆಸರಿನದು. ನಾವು ಹಿಂಗಾರಿಯಲ್ಲಿ ಬಿತ್ತಿದರೂ ಜಾತಿಯಲ್ಲಿ ಅದು ಸ್ಪ್ರಿಂಗ್ ವೀಟ್, ಅಂದರೆ ತೆನೆ ಹಾಕಲು ಅಂಥ ಚಳಿಗೆ ಕಾಯದ ಗೋಧಿ. ನಿಜವಾದ ವಿಂಟರ್ ವೀಟ್ ಹಿಮದ ಕೆಳಗೆ ಮಲಗಿ ಏಳುವ ಗಿಡ. 0ರಿಂದ 10 ಡಿಗ್ರಿಯೊಳಗಿನ ಚಳಿ ನಾಲ್ಕರಿಂದ ಎಂಟು ವಾರ ತಾಗಿದ ಮೇಲೇ ಅದು ತೆನೆಗೆ ಮನಸ್ಸು ಮಾಡುವುದು. ಇದಕ್ಕೆ ವರ್ನಲೈಸೇಶನ್ ಅನ್ನುತ್ತಾರೆ. ಚಳಿ ಮುಗಿಯುವ ಮುಂಚೆ ತೆನೆ ಹಾಕಿ ಸಾಯಬಾರದಲ್ಲ, ಅದಕ್ಕೆ ಈ ಕಾವಲು. ನಮ್ಮಲ್ಲಿ ಡಿಸೆಂಬರ್ ರಾತ್ರಿಯೂ 15-16 ಡಿಗ್ರಿ. ಬೆಂಗಳೂರಿನ ದಾಖಲೆಯ ಚಳಿ 1884ರ ಜನವರಿಯ 7.8 ಡಿಗ್ರಿ, ಅದೂ ಒಂದು ರಾತ್ರಿ.

ಮರುವರ್ಷ ಹಟಕ್ಕೆ ಬಿದ್ದೆ. ಮೊಳಕೆ ಬಂದ ಬೀಜವನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ 45 ದಿನ ಫ್ರಿಜ್ಜಿನಲ್ಲಿಟ್ಟೆ. ಕೊತ್ತಂಬರಿ ಸೊಪ್ಪಿಗೆ ಜಾಗವಿಲ್ಲ ಅಂತ ಮನೆಯಲ್ಲಿ ಜಗಳವೂ ಆಯಿತು. ನವೆಂಬರ್ ಕೊನೆಗೆ ನೆಟ್ಟರೆ ಏಪ್ರಿಲ್‌ನಲ್ಲಿ ಅಲ್ಲೊಂದು ಇಲ್ಲೊಂದು ತೆನೆ, ಎಲ್ಲ ಜೊಳ್ಳು. ಚಳಿಯನ್ನು ಫ್ರಿಜ್ಜು ಕೊಟ್ಟಿತು, ಹಗಲನ್ನು ಎಲ್ಲಿಂದ ತರೋಣ? ಜರ್ಮನಿಯಲ್ಲಿ ಜೂನ್ ಹಗಲು 16 ಗಂಟೆ ದಾಟುತ್ತದೆ, ನಮ್ಮದು 13 ಕೂಡ ಮುಟ್ಟುವುದಿಲ್ಲ. ಅಲ್ಲಿನ ಹೆಚ್ಚಿನ ತಳಿಗಳು ಆ ಉದ್ದ ಹಗಲಿಗೆ ಒಗ್ಗಿದವು.

ಇನ್ನು ಇಳುವರಿ. ಅವರದು ಹೆಕ್ಟೇರಿಗೆ 7-8 ಟನ್, ಭಾರತದ ಸರಾಸರಿ 3.5 ಆಸುಪಾಸು. ಆದರೆ ಅವರ ಬೆಳೆ ಹತ್ತು ತಿಂಗಳು ನೆಲ ಹಿಡಿದಿರುತ್ತದೆ, ನಮ್ಮದು ನಾಲ್ಕೇ ತಿಂಗಳು. 7.5 ಟನ್ನನ್ನು 300 ದಿನಕ್ಕೆ ಹಂಚಿದರೆ ದಿನಕ್ಕೆ 25 ಕೆಜಿ. 3.5 ಟನ್ನನ್ನು 120 ದಿನಕ್ಕೆ ಹಂಚಿದರೆ 29. ಈ ಲೆಕ್ಕ ಹಾಕಿದ ಮೇಲೆ ನನ್ನ ಆಸೆಯೂ ಇಳಿಯಿತು.

ವಿಂಟರ್ ವೀಟಿನ ಒಳ್ಳೆಯ ಗುಣ ನಮಗೆ ದಕ್ಕಿಲ್ಲ ಅಂತಲ್ಲ. ರಷ್ಯಾದ ಕಾವ್ಕಾಜ್ ಎಂಬ ವಿಂಟರ್ ತಳಿಯನ್ನು ನಮ್ಮ ಕಲ್ಯಾಣ್ ಸೋನಾ ಮುಂತಾದವುಗಳ ಜೊತೆ ಕೂಡಿಸಿ ಮೆಕ್ಸಿಕೋದ ಸಿಮಿಟ್ ಎಂಬ ಗೋಧಿ ಸಂಶೋಧನಾ ಸಂಸ್ಥೆ ವೀರಿ ತಳಿಗಳನ್ನು ಮಾಡಿತು. ಪಂಜಾಬನ್ನು ವರ್ಷಗಟ್ಟಲೆ ಆಳಿದ ಪಿಬಿಡಬ್ಲ್ಯು 343 ಗೋಧಿ ತಳಿಯ ವಂಶದಲ್ಲಿ ಈ ವೀರಿ ಇದೆ. ಕೊನೆಗೆ ಹಳದಿ ತುಕ್ಕು ರೋಗ ಅದನ್ನು ಹಿಡಿಯಿತು, ಆ ಮಾತು ಬೇರೆ.

ಈಗ ಗೋಧಿಯನ್ನು ಕಾಡುವುದು ಕಾಳು ತುಂಬುವಾಗಿನ ಬಿಸಿಲು. 2022ರ ಮಾರ್ಚ್ ಬಿಸಿಲಿಗೆ ಉತ್ತರದಲ್ಲಿ ಕಾಳು ಸುಕ್ಕಾಯಿತು, ಮೇ 13ಕ್ಕೆ ರಫ್ತೇ ನಿಂತಿತು. ಚಳಿ ಬೇಡುವ ತಳಿ ತೆನೆಗೆ ತಡ ಮಾಡುತ್ತದೆ, ತಡವಾದಷ್ಟೂ ಈ ಬಿಸಿಲಿಗೆ ಸಿಗುತ್ತದೆ.

ನಿಮಗೆ ಗೋಧಿಯದೇ ಆಸೆ ಇದ್ದರೆ ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ ಯುಎಎಸ್ 304 ತಳಿಯ ಬೀಜ ಕೇಳಿ ನೋಡಿ, ಅಥವಾ ಜವೆ ಗೋಧಿಯ (ಖಪ್ಲಿ) ಡಿಡಿಕೆ 1029. ಎರಡು ಗುಂಟೆ ಸಾಕು. ನೀರು ಕೊಡಲೇಬೇಕು, ನಿಮ್ಮದು ನಮ್ಮೂರ ಎರೆ (ಕಪ್ಪು ಮಣ್ಣಿನ) ಹೊಲದಂತೆ ತೇವ ಹಿಡಿಯುವ ಮಣ್ಣಲ್ಲ. ರಾಗಿ ಕೊಯ್ದ ಮೇಲೆ ಹಾಕುತ್ತೇನೆ ಅಂದರೆ ಬಿತ್ತನೆ ಹೊತ್ತು ಮೀರಿರುತ್ತದೆ. ಆ ಎರಡು ಗುಂಟೆಗೆ ಈ ಸಲ ರಾಗಿ ಹಾಕದೆ ಖಾಲಿ ಬಿಡಿ, ನವೆಂಬರ್ ಮೊದಲ ವಾರದಲ್ಲೇ ಬಿತ್ತಿ.